ಬಣ್ಣ ಬಿಡದ ಚಹಾ

ಅಪ್ಪಯ್ಯನ ಎದೆ ಮೊದಲ ಸಲ ಹಾರಿದ್ದು ಯಾವಾಗ ಎಂದು ಬರೆಯಲು ಹೊರಟರೆ ನನ್ನ ಕೈಗೆ ಎರಡು ಬೆಳಗುಗಳು ಸಿಗುತ್ತವೆ. ಒಂದರಲ್ಲಿ ಆತ ಅಡುಗೆಮನೆಯ ನೆಲದ ಮೇಲೆ ಕೂತು ಗಂಜಿ ಉಣ್ಣುತ್ತಿದ್ದಾನೆ. ಇನ್ನೊಂದರಲ್ಲಿ ಕನ್ನಡಿಯ ಮುಂದೆ ನಿಂತು ಗಡ್ಡ ಹೆರೆದುಕೊಳ್ಳುತ್ತಿದ್ದಾನೆ. ಎರಡರಲ್ಲೂ ಆತನ ಕೈ ತಟ್ಟನೆ ನಿಲ್ಲುತ್ತದೆ. ಯಾರೋ ಹೆಸರು ಹಿಡಿದು ಕರೆದರೇನೋ ಎಂಬಂತೆ ತಲೆ ಎತ್ತುತ್ತಾನೆ, ಅಂಗೈಯನ್ನು ಬನಿಯನ್ನಿನ ಮೇಲೆ ಇಟ್ಟುಕೊಳ್ಳುತ್ತಾನೆ. ಎರಡೂ ನಿಜವಿರಲಾರವು. ಎರಡೂ ಸುಳ್ಳಿರಬಹುದು, ಅಮ್ಮ ಆಮೇಲೆ ಯಾರಿಗೋ ಹೇಳಿದ್ದನ್ನು ನಾನೇ ಕಂಡದ್ದಾಗಿ ಮಾಡಿಕೊಂಡಿರಬಹುದು. ಆದರೆ ಆ ಮುಖ ಸುಳ್ಳಲ್ಲ. ದೊಡ್ಡವರಿಗೂ ಹೆದರಿಕೆಯಾಗುತ್ತದೆ ಎಂದು ನನಗೆ ಗೊತ್ತಾದದ್ದು ಆ ಮುಖದಿಂದ. ಅದು ಗೊತ್ತಾದ ಮೇಲೆ ನಮ್ಮ ಮನೆಯಲ್ಲಿ ಯಾವ ಗೋಡೆಗೂ ಒರಗಿ ಕೂರಲು ನನಗೆ ಧೈರ್ಯ ಬರಲಿಲ್ಲ.

ಮನೆ ಎಂದರೆ ಡೊಂಬಿವಲಿ ಪೂರ್ವದಲ್ಲಿ, ಮೂರನೇ ಮಾಳಿಗೆಯ ಒಂದು ಕೋಣೆ ಮತ್ತು ಕೋಣೆ ಎನ್ನಲು ನಾಚಿಕೆಯಾಗುವಂಥ ಅಡುಗೆಮನೆ. ಅದರ ಮೂಲೆಯಲ್ಲೇ ಗಿಡ್ಡ ಕಟ್ಟೆ ಕಟ್ಟಿದ ಮೋರಿ. ಪಾತ್ರೆ ತೊಳೆಯುವುದೂ ಅಲ್ಲೇ, ಸ್ನಾನವೂ ಅಲ್ಲೇ. ಕಿಟಕಿಯಾಚೆ ರೈಲಿನ ಹಳಿ. ಫಾಸ್ಟ್ ಲೋಕಲ್ ಹಾದುಹೋದಾಗ ಹಲಗೆಯ ಮೇಲಿನ ಸ್ಟೀಲಿನ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ನಮ್ಮದು ಕುಂದಾಪುರದ ಕಡೆ. ಒಳಗೆ ಊರಿನ ಕನ್ನಡ, ಮನೆಗಳ ಮುಂದಿನ ಉದ್ದ ಗ್ಯಾಲರಿಗೆ ಬಂದರೆ ಮರಾಠಿ. ನನ್ನ ತಮ್ಮ ಸುಧಾಕರನಂತೂ ಅಮ್ಮ ಕನ್ನಡದಲ್ಲಿ ಬೈದರೆ ಹಿಂದಿಯಲ್ಲಿ ಅಳುತ್ತಿದ್ದ. ಅಪ್ಪಯ್ಯನಿಗೆ ಠಾಣೆ ಸ್ಟೇಷನ್ನಿನ ಹತ್ತಿರದ ಹೊಟೇಲೊಂದರಲ್ಲಿ ಚಾ-ಕಾಫಿ ಕೌಂಟರಿನ ಕೆಲಸ. ಮನೆಗೆ ಬಂದಾಗ ಆತನ ಅಂಗಿಯಿಂದ ಉಕ್ಕಿದ ಹಾಲಿನ ವಾಸನೆ ಬರುತ್ತಿತ್ತು. ಎಡ ಅಂಗೈಯ ನಡುವೆ ಒಂದು ಕಂದು ಕಲೆ, ಎಷ್ಟು ಸೋಪು ಹಾಕಿದರೂ ಹೋಗದ್ದು. ಚಹಾ ಆಗಿದೆಯೋ ಇಲ್ಲವೋ ಎಂದು ಆತ ನೋಡುತ್ತಿದ್ದದ್ದು ಮೊದಲು ಬಣ್ಣದಿಂದ. ಡಸ್ಟಿನ ಪುಡಿ ಕುದಿದು, ಹಾಲು ಬಿದ್ದ ಮೇಲೆ ಹಸಿ ಇಟ್ಟಿಗೆಯ ಬಣ್ಣ ಬರಬೇಕು. ಬಂದರೆ ಸೌಟಿನಿಂದ ಅಂಗೈಗೆ ನಾಲ್ಕು ಹನಿ ಹಾಕಿಕೊಂಡು ನೆಕ್ಕುತ್ತಿದ್ದ. ಆಮೇಲೆಯೇ ಅದು ಗಿರಾಕಿಗಳಿಗೆ. ಬಣ್ಣವೇ ಬಲ ಎಂಬುದು ಆತನ ಕಸುಬು ಆತನಿಗೆ ಕಲಿಸಿದ ಪಾಠ. ನಮ್ಮ ಮನೆಯೂ ಅದನ್ನೇ ನಂಬಿತ್ತು: ಕಪ್ಪಗಿನದು ಕಡಕ್, ಬೆಳ್ಳಗಿನದು ಮೆತ್ತಗಿನದು, ಮಕ್ಕಳಿಗೆ ಕೊಡುವ ನೀರು ಚಹಾ ಚಹಾವೇ ಅಲ್ಲ.

ಎದೆ ಹಾರುವುದು ಹೆಚ್ಚಾದಾಗ ಅಮ್ಮ ಆತನನ್ನು ಹತ್ತಿರದ ಡಾಕ್ಟರ ಬಳಿಗೆ ಎಳೆದುಕೊಂಡು ಹೋದಳು. ನಾನೂ ಹೋಗಿದ್ದೆ. ಡಾಕ್ಟರು ನಾಡಿ ಹಿಡಿದು ಬಹಳ ಹೊತ್ತು ಗೋಡೆಯ ಗಡಿಯಾರ ನೋಡಿದರು.

"ದಿವಸಾತ್ ಕಿತಿ ಚಹಾ?"

ದಿನಕ್ಕೆ ಎಷ್ಟು ಚಹಾ ಎಂದು ಅವರು ಕೇಳಿದ್ದಕ್ಕೆ ಅಪ್ಪಯ್ಯ ಹಿಂದೆಮುಂದೆ ನೋಡದೆ "ದೋನ್" ಅಂದ. ಎರಡೇ. ಅಮ್ಮ ಆತನ ಕಡೆ ತಿರುಗಿ ಊರಿನ ಕನ್ನಡದಲ್ಲಿ ಗುಡುಗಿದಳು.

"ಎರಡಾ? ಮನಿಯಂಗೇ ಎರಡ್. ಹೋಟ್ಲಂಗೆ ಕುಡೂದ್ ಯಾರ್ ಲೆಕ್ಕಕ್ಕೆ ಹಾಕುದ್, ನಿಮ್ಮ್ ಸೇಟ್ರಾ?"

ಡಾಕ್ಟರಿಗೆ ಮಾತು ಅರ್ಥವಾಗದಿದ್ದರೂ ಧ್ವನಿ ಅರ್ಥವಾಯಿತು. ನಕ್ಕು, ಚಹಾದಲ್ಲಿ ಕೆಫೀನ್ ಎಂಬುದೊಂದಿರುತ್ತದೆ, ಅದು ಹೃದಯವನ್ನು ಓಡಿಸುತ್ತದೆ, ಚಹಾ ಬಂದ್ ಎಂದರು. ಕೆಫೀನ್ ಎಂಬ ಶಬ್ದವನ್ನು ನಾನು ಕೇಳಿದ್ದು ಅದೇ ಮೊದಲು. ಅದಕ್ಕೆ ಕಾಲುಗಳಿವೆ, ಅದು ಅಪ್ಪಯ್ಯನ ಎದೆಯೊಳಗೆ ಜಿರಳೆಯ ಹಾಗೆ ಓಡಾಡುತ್ತದೆ ಎಂದುಕೊಂಡೆ. ಬಹಳ ದಿನ ಹಾಗೆಯೇ ಅಂದುಕೊಂಡಿದ್ದೆ.

ಚಹಾ ಬಿಟ್ಟರೆ ಆರಾಮಾಗಬೇಕಿತ್ತಲ್ಲ. ಆಗಲಿಲ್ಲ. ಹೊಟೇಲಿನ ಲೋಟಗಳನ್ನೂ ಮನೆಯ ಲೋಟಗಳನ್ನೂ ಆತ ಒಂದೇ ಏಟಿಗೆ ಬಿಟ್ಟ. ಅಂಗೈಯ ಹನಿಗಳನ್ನು ಮಾತ್ರ ಬಿಡಲಿಲ್ಲ, ನೆಕ್ಕುವುದು ಕುಡಿಯುವುದಲ್ಲ ಎಂಬುದು ಆತನ ವಾದ. ಮರುದಿನವೇ ತಲೆನೋವು ಶುರುವಾಯಿತು. ಕೆಲಸದಿಂದ ಬಂದವನು ಹಣೆಗೆ ಅಮ್ಮನ ಹಳೆಯ ಸೀರೆಯ ತುಂಡು ಬಿಗಿದುಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಲೋಟ ಇಟ್ಟ ಸದ್ದಾದರೆ ಬೈಯುತ್ತಿದ್ದ. ರೈಲಿಗೂ ಬೈಯುತ್ತಿದ್ದ. ಚಹಾ ಬಿಟ್ಟವರಿಗೆ ಹಾಗೆ ತಲೆ ಸಿಡಿಯುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಕಾಯಿಲೆ ಎದೆಯಿಂದ ತಲೆಗೆ ಏರಿತು ಎಂದೇ ಅಮ್ಮ ತಿಳಿದಳು. ನಾನೂ ಸುಧಾಕರನೂ ಅಡುಗೆಮನೆಯಲ್ಲಿ ಉಸಿರು ಬಿಗಿಹಿಡಿದು ಪಾಠ ಓದುತ್ತಿದ್ದೆವು, ಪುಟ ತಿರುಗಿಸುವುದಕ್ಕೂ ಹೆದರಿ.

ಅಮ್ಮ ಏನೇನೋ ಮಾಡಿ ನೋಡಿದಳು. ಕೊತ್ತಂಬರಿ ಜೀರಿಗೆಯ ಕಷಾಯ ಕೊಟ್ಟರೆ, ಬಾಣಂತಿಗೆ ಕೊಡುವುದನ್ನು ನನಗೇಕೆ ಕೊಡುತ್ತೀ ಎಂದ. ಪಕ್ಕದ ಮನೆಯವರಿಂದ ತಂದ ಗವತಿ ಚಹಾ, ಅಂದರೆ ನಿಂಬೆಯ ಪರಿಮಳದ ಆ ಹುಲ್ಲು, ಅದನ್ನು ಪುಡಿ ಹಾಕದೆ ಬರೀ ನೀರಿನಲ್ಲಿ ಕುದಿಸಿ ಕೊಟ್ಟಳು.

"ಕುಡ್ದ್ ಕಾಣಿ. ಪರಿಮಳ ಇತ್ತ್."

ಆತ ಒಂದು ಗುಟುಕು ಬಾಯಿಗೆ ಹಾಕಿ ಲೋಟ ದೂಡಿದ.

"ಹುಲ್ಲ್ ಬೇಯ್ಸಿದ್ ನೀರ್. ನಾ ಎಂತ ದನವಾ? ಇದ್ರ್ ಒಟ್ಟಿಗೆ ಸ್ವಲ್ಪ ಹಿಂಡಿನೂ ಹಾಕ್."

ನಾನು ನಗಬಾರದಿತ್ತು. ನಕ್ಕೆ. ಲೋಟ ಗೋಡೆಗೆ ಬಡಿದು ಮೋರಿಯೊಳಗೆ ಬಿತ್ತು. ಅದಕ್ಕೆ ಮೊದಲು ಆತ ಏನನ್ನೂ ಎಸೆದದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಆತನೇ ಎದ್ದು ನೆಲ ಒರೆಸಿದ, ನಮ್ಮ ಯಾರ ಮುಖವನ್ನೂ ನೋಡದೆ.

ಆ ಡಬ್ಬಿ ನಮ್ಮ ಮನೆಗೆ ಬಂದದ್ದು ಆಗ. ಭಿವಂಡಿಯ ಗೋದಾಮೊಂದರಲ್ಲಿ ಚಹಾದ ದಲಾಲಿ ಮಾಡುವ ಒಬ್ಬ ಗುಜರಾತಿ ಅಪ್ಪಯ್ಯನ ಹೊಟೇಲಿನ ಕಾಯಂ ಗಿರಾಕಿ. ಹಣೆಗೆ ಬಟ್ಟೆ ಬಿಗಿದುಕೊಂಡೇ ಕೌಂಟರಿನಲ್ಲಿ ನಿಂತಿದ್ದ ಅಪ್ಪಯ್ಯನನ್ನು ಕಂಡು ಆತ ಮರುಕದಿಂದ ತಂದುಕೊಟ್ಟದ್ದಂತೆ. ಒಳಗೆ ಬೆಳ್ಳಗಿನ, ಬೆಕ್ಕಿನ ಕಿವಿಯ ಹಾಗೆ ನವಿರು ರೋಮವಿದ್ದ, ಚಹಾ ಗಿಡದ ಎಳೆಯ ಮೊಗ್ಗುಗಳು. "ಅಣ್ಣಾ, ಯೇ ಪಿಯೋ. ಪಾನೀ ಹೈ, ಪಾನೀ" ಎಂದು ಆತ ಹೇಳಿದ್ದನ್ನು ಅಪ್ಪಯ್ಯ ಮನೆಯಲ್ಲಿ ಆತನದೇ ಧ್ವನಿಯಲ್ಲಿ ಮತ್ತೆ ಮತ್ತೆ ಆಡಿ ತೋರಿಸಿದ. ಬರೀ ನೀರು. ಡಬ್ಬಿ ಬೆಳ್ಳಿಯ ಬಣ್ಣದ್ದು ಎಂದು ಬರೆದು ಬೇಲಾಪುರದಲ್ಲಿ ನೌಕರಿಯಲ್ಲಿರುವ ಸುಧಾಕರನಿಗೆ ಮೊನ್ನೆ ಫೋನಿನಲ್ಲಿ ಓದಿ ಹೇಳಿದೆ.

"ಅಕ್ಕಾ, ಡಬ್ಬಾ ಹಿರ್ವಾ ಹೋತಾ. ಹಸಿರು. ನೀನು ಉಗಾಚ್ ಚಾಂದಿ-ಚಾಂದಿ ಮಾಡ್ತಿ. ಸ್ಟೋರಿ ಮೇ ಅಚ್ಛಾ ಲಗ್ತಾ ಹೈ ಅಂತ."

ಇರಬಹುದು. ಕಥೆಗೆ ಚೆಂದವೆಂದು ನಾನೇ ಸುಮ್ಮನೆ ಬಳಿದಿರಬಹುದು, ಬೆಳ್ಳಿಯ ಬಣ್ಣ ಮೊಗ್ಗಿನಿಂದ ಡಬ್ಬಿಗೆ ಹತ್ತಿರಬಹುದು. ಒಂದು ವಿಷಯದಲ್ಲಿ ನಮ್ಮಿಬ್ಬರಿಗೂ ಜಗಳವಿಲ್ಲ: ಆ ಚಹಾ ಕುಡಿದ ಸ್ವಲ್ಪ ಹೊತ್ತಿಗೆ ಅಪ್ಪಯ್ಯ ಹಣೆಯ ಬಟ್ಟೆ ಬಿಚ್ಚಿದ. ಎದ್ದು ಕೂತ. ಸುಧಾಕರನನ್ನು ತೊಡೆಯ ಮೇಲೆ ಎಳೆದುಕೊಂಡ. ತಲೆನೋವು ಹೊಗೆ ಹೋದ ಹಾಗೆ ಹೋಗಿತ್ತು. ಅಮ್ಮ ಡಬ್ಬಿಯನ್ನು ದೇವರ ಪಟದ ಕೆಳಗಿನ ಹಲಗೆಯ ಮೇಲೆ ಇಟ್ಟಳು. ಮೈಗೆ ಬೇಕಾದದ್ದೇ ಮೈಗೆ ಸಿಕ್ಕಿದ್ದರಿಂದ ತಲೆನೋವು ಹೋಯಿತು, ಡಾಕ್ಟರು ಬೇಡವೆಂದದ್ದನ್ನೇ ನಾವು ಮದ್ದೆಂದು ಕೊಡುತ್ತಿದ್ದೇವೆ ಎಂದು ಆ ಮನೆಯಲ್ಲಿ ಯಾರಿಗೆ ಹೊಳೆಯಬೇಕಿತ್ತು? ಬಣ್ಣ ಇರಲಿಲ್ಲವಲ್ಲ.

ಬಣ್ಣ ಇಲ್ಲದ್ದೇ ಆತನ ಕೈಗೆ ತೊಂದರೆಯಾಯಿತು. ಅಂಥ ಚಹಾವನ್ನು ಬಿಸಿನೀರಿನಲ್ಲಿ ಅದ್ದಿಟ್ಟು ತೆಗೆಯಬೇಕೆಂದು ಗುಜರಾತಿ ಹೇಳಿದ್ದನೋ ಇಲ್ಲವೋ, ಹೇಳಿದ್ದರೂ ಅಪ್ಪಯ್ಯ ಕೇಳುವವನಲ್ಲ. ಕುದಿಯದ ಚಹಾ ಆತನ ಪಾಲಿಗೆ ಹಸಿ ಅಕ್ಕಿ. ಮೊಗ್ಗುಗಳನ್ನು ಪಾತ್ರೆಗೆ ಹಾಕಿ ಕುದಿಸುತ್ತಾ ಬಣ್ಣಕ್ಕಾಗಿ ಕಾಯುತ್ತಿದ್ದ. ಬಣ್ಣ ಬರುತ್ತಿರಲಿಲ್ಲ. ಇನ್ನೊಂದು ಮುಷ್ಟಿ ಹಾಕುತ್ತಿದ್ದ. ನೀರು ಅರ್ಧಕ್ಕೆ ಇಳಿಯುತ್ತಿತ್ತು, ಆದರೂ ಒಣಹುಲ್ಲಿನ ಬಣ್ಣವೇ. "ಇದ್ರಂಗೆ ಎಂತದೂ ಇಲ್ಲೆ" ಎಂದು ಸಮಾಧಾನದಿಂದ ಹೇಳಿ ಫ್ಲಾಸ್ಕಿಗೆ ತುಂಬಿಕೊಂಡು ಠಾಣೆಗೆ ಒಯ್ಯುತ್ತಿದ್ದ. ನೀರಿನ ಬದಲು ಅದನ್ನೇ ಕುಡಿಯುತ್ತಿದ್ದ. ಡಬ್ಬಿ ಮುಗಿದಾಗ ಗುಜರಾತಿ ಇನ್ನೊಂದು ಕೊಟ್ಟ.

ಅಪ್ಪಯ್ಯನ ವಾರದ ರಜೆಯ ದಿನ, ಹನ್ನೊಂದರ ಬಿಸಿಲು ಅಡುಗೆಮನೆಯ ಅರ್ಧಕ್ಕೆ ಬಂದಿತ್ತು. ಅಮ್ಮ ಹೆರೆಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದಳು. ಅಪ್ಪಯ್ಯ ನೀರಿಗೆಂದು ಎದ್ದವನು ಮೋರಿಯ ಕಟ್ಟೆಯ ಮೇಲೆ ಕೂತುಬಿಟ್ಟ. ತುಟಿಗೆ ಬೂದಿ ಬಳಿದ ಹಾಗಿತ್ತು.

"ಎದಿಯಂಗೆ ಮೀನ್ ಹೊರಳ್ದಾಂಗ್ ಆತಿತ್ತ್" ಅಂದ. ಅದನ್ನು ಹೇಳಿದ ರೀತಿಯಲ್ಲಿ ನೋವು ಇರಲಿಲ್ಲ, ಆಶ್ಚರ್ಯವಿತ್ತು. ಅದಕ್ಕೇ ನನಗೆ ಇನ್ನೂ ಹೆದರಿಕೆಯಾಯಿತು.

ಅಮ್ಮನ ಕೂಗಿಗೆ ಗ್ಯಾಲರಿಯ ಗಂಡಸರು ಬಂದರು. ಆತನನ್ನು ನಮ್ಮ ಒಂದೇ ಒಂದು ಮರದ ಕುರ್ಚಿಯಲ್ಲಿ ಕೂರಿಸಿ, ಕುರ್ಚಿಸಮೇತ ಎತ್ತಿ ಮೂರು ಮಾಳಿಗೆ ಇಳಿಸಿದರು. ಕುರ್ಚಿ ತಿರುವಿನಲ್ಲಿ ವಾಲಿದಾಗ ಅಪ್ಪಯ್ಯ ಮಗುವಿನ ಹಾಗೆ ಗೋಡೆಗೆ ಕೈ ಚಾಚಿದ. ಆತನ ಚಪ್ಪಲಿ ಬಾಗಿಲಲ್ಲೇ ಉಳಿದಿತ್ತು. ಚಪ್ಪಲಿ ಬಿಟ್ಟು ಹೋದವರು ವಾಪಸು ಬರುವುದಿಲ್ಲ ಎಂದು ನನಗೆ ಎಲ್ಲಿಂದ ಹೊಳೆಯಿತೋ. ಅದನ್ನು ಎದೆಗವಚಿಕೊಂಡು ಇಳಿದೆ, ರಿಕ್ಷಾ ಹೊರಟಾಗಿತ್ತು, ಹಿಂದೆಯೇ ಓಡಿದೆ. ಎಲ್ಲಿಯವರೆಗೆ ಓಡಿದೆ, ಯಾರು ಹಿಡಿದು ನಿಲ್ಲಿಸಿದರು, ನೆನಪಿಲ್ಲ. ಮುಂದಿನ ಚಿತ್ರದಲ್ಲಿ ನಾನು ಡಾಕ್ಟರ ಕೋಣೆಯಲ್ಲಿದ್ದೇನೆ, ಚಪ್ಪಲಿ ಇನ್ನೂ ಕೈಯಲ್ಲಿದೆ, ಅಪ್ಪಯ್ಯನ ಎದೆಯ ತುಂಬ ವಯರುಗಳು. ಈ ಎರಡರ ನಡುವಿನ ಹೊತ್ತನ್ನು ನಾನು ತುಂಬಿಸಬಲ್ಲೆ, ಬರೆಯಲು ಬರುತ್ತದೆ. ತುಂಬಿಸುವುದಿಲ್ಲ.

ಚಹಾ ಬಿಟ್ಟಿರಾ ಎಂದು ಡಾಕ್ಟರು ಕೇಳಿದರು. ಅಮ್ಮ ಹೆಮ್ಮೆಯಿಂದ ಫ್ಲಾಸ್ಕ್ ಮುಂದೆ ಮಾಡಿದಳು. ಆ ಗಡಿಬಿಡಿಯಲ್ಲೂ ಅದನ್ನು ತಂದಿದ್ದಳು, ಸುಧಾರಿಸಿಕೊಂಡರೆ ಆತನಿಗೆ ಕುಡಿಸಲೆಂದು. ಡಾಕ್ಟರು ಮುಚ್ಚಳಕ್ಕೆ ಸ್ವಲ್ಪ ಬಗ್ಗಿಸಿ, ಮೂಸಿ, ನಾಲಿಗೆಗೆ ತಾಗಿಸಿ ಮುಖ ಕಿವುಚಿದರು. ಇದು ಚಹಾ ಅಲ್ಲವೇ ಎಂದರು.

"ಚಹಾ ನಾಹಿ, ಡಾಕ್ಟರ್. ರಂಗ್ ನಾಹಿ" ಅಂದಳು ಅಮ್ಮ. ಬಣ್ಣವಿಲ್ಲವಲ್ಲ.

"ರಂಗ್ ನಾಹಿ ಮ್ಹಣೂನ್ ಚಹಾ ನಾಹಿ?"

ಬಣ್ಣ ಇಲ್ಲದಿದ್ದರೆ ಚಹಾ ಅಲ್ಲವೇ? ಅವರು ಬೈಯಲಿಲ್ಲ. ಹೇಗೆ ಮಾಡುತ್ತೀರಿ ಎಂದು ಕೇಳಿದರು. ಅಮ್ಮ ಕೈಯಿಂದಲೇ ಮುಷ್ಟಿ ಮಾಡಿ ತೋರಿಸಿದಳು, ಒಂದು, ಮತ್ತೆ ಇನ್ನೊಂದು. ತೋರಿಸುತ್ತಿದ್ದ ಹಾಗೆಯೇ ಅವಳ ಕೈ ನಿಧಾನವಾಯಿತು. ಮುಷ್ಟಿ ಗಾಳಿಯಲ್ಲೇ ನಿಂತಿತು. ಅವಳಿಗೆ ಅರ್ಥವಾದದ್ದನ್ನು ನಾನು ಕಂಡೆ.

ಈಗ ಫೋನಿನಲ್ಲಿ ಎಲ್ಲ ಸಿಗುತ್ತದೆ. ಖಾರಘರದ ನನ್ನ ಮನೆಯಲ್ಲಿ ಕೂತು ಎಷ್ಟು ಸಲ ಓದಿದ್ದೇನೋ. ಕಾಫಿಯಲ್ಲಿ ಕೆಫೀನ್ ಹೆಚ್ಚು, ಕಪ್ಪು ಚಹಾದಲ್ಲಿ ಸುಮಾರಾಗಿ ಅದರ ಅರ್ಧ, ಹಸಿರಿನಲ್ಲಿ ಸಾಮಾನ್ಯವಾಗಿ ಇನ್ನಷ್ಟು ಕಡಿಮೆ. ಹುಲ್ಲಿನ, ಕೊತ್ತಂಬರಿ ಜೀರಿಗೆಯ ಕಷಾಯಗಳಲ್ಲಿ ಇಲ್ಲವೇ ಇಲ್ಲ. ಅಪ್ಪಯ್ಯ ಗೋಡೆಗೆಸೆದ ಲೋಟದಲ್ಲಿ ಇರಲಿಲ್ಲ, ದೇವರ ಕೆಳಗಿಟ್ಟ ಡಬ್ಬಿಯಲ್ಲಿ ಇತ್ತು. ನಮ್ಮ ಡಬ್ಬಿಯ ಮೊಗ್ಗಿನಂಥ ಬಿಳಿ ಚಹಾದ ಸಾಲಿಗೆ ಬಂದರೆ ಬರೆಯುವವರೆಲ್ಲ ತಡವರಿಸುತ್ತಾರೆ. ಒಬ್ಬರು ಅದರಲ್ಲೇ ಎಲ್ಲಕ್ಕಿಂತ ಕಡಿಮೆ ಎನ್ನುತ್ತಾರೆ. ಇನ್ನೊಬ್ಬರು, ಹುಳ ತಿನ್ನದಿರಲೆಂದು ಗಿಡ ಎಳೆಯ ಮೊಗ್ಗಿನಲ್ಲೇ ಅದನ್ನು ಹೆಚ್ಚು ತುಂಬಿಡುತ್ತದೆ ಎನ್ನುತ್ತಾರೆ. ಕೊನೆಗೆ ಎಲ್ಲರೂ ಎಷ್ಟು ಹಾಕಿದಿರಿ, ನೀರು ಎಷ್ಟು ಬಿಸಿ, ಎಷ್ಟು ಹೊತ್ತು ಇಟ್ಟಿರಿ ಎನ್ನುವುದಕ್ಕೆ ಬಂದು ನಿಲ್ಲುತ್ತಾರೆ. ಅಂದರೆ ಮುಷ್ಟಿಗೆ. ಇದನ್ನೆಲ್ಲ ಓದುವಾಗ ನನಗೆ ಜ್ಞಾನದ ಸಂತೋಷವಾಗುವುದಿಲ್ಲ. ಕುರ್ಚಿ ತಿರುವಿನಲ್ಲಿ ವಾಲುತ್ತದೆ.

ಅಪ್ಪಯ್ಯ ಉಳಿದ. ಚಹಾದ ಜಾತಿಗೆ ಸೇರಿದ್ದು ಯಾವುದೂ ಬೇಡ, ಅಂಗೈಯ ಹನಿಯೂ ಬೇಡ ಎಂದು ಡಾಕ್ಟರು ಈ ಸಲ ಬಿಡಿಸಿ ಹೇಳಿದ್ದರು. ತಲೆನೋವು ಮತ್ತೆ ಬಂತು. ಚಹಾ ಬಿಟ್ಟದ್ದಕ್ಕೆ ಬರುವ ಅದು ತಾನಾಗಿ ಹೋಗುತ್ತದೆ ಎಂದೂ ಅವರು ಹೇಳಿದ್ದರಿಂದ ಅದರ ಜೊತೆಗೆ ಇರಲು ಸಾಧ್ಯವಾಯಿತು, ಒಂದು ವಾರದೊಳಗೆ ಹೋಯಿತು ಕೂಡ. ಆಮೇಲೆ ಹೊಟೇಲಿನ ಸೇಟ್ರು ನೋಡಲು ಬಂದರು. ಅವರೂ ನಮ್ಮ ಊರಿನ ಕಡೆಯವರೇ. ಕುರ್ಚಿಯಲ್ಲಿ ಕೂತು, ಕಷಾಯದ ಲೋಟವನ್ನು ಕೈಯಲ್ಲಿ ತಿರುಗಿಸುತ್ತಾ, ಒಳ್ಳೆಯ ದನಿಯಲ್ಲೇ ಹೇಳಿದರು.

"ಬಾಯಿಗ್ ಹಾಕ್ದೆ ಚಾ ಮಾಡೂಕ್ ಆತ್ತಾ ಕಾಣ್. ಆದ್ರೆ ಬಾ. ಆತಿಲ್ಲೆ ಅಂದ್ರೆ ಊರಿಗ್ ಹೋಯಿ ಆರಾಮ್ ಮಾಡ್, ನಾ ಬೇರೆಯವ್ರನ್ನ ಇಡ್ತೆ."

ಊರಿನಲ್ಲಿ ನಮಗೆ ಆರಾಮ ಮಾಡಲು ಏನೂ ಇರಲಿಲ್ಲ. ಅದು ಮೂವರು ದೊಡ್ಡವರಿಗೂ ಗೊತ್ತಿತ್ತು. ಅಪ್ಪಯ್ಯ ಬರುತ್ತೇನೆ ಅಂದ. ಈಗ ಮನೆಯಲ್ಲಿ ಎರಡು ಹೆದರಿಕೆಗಳಾದವು: ಆತ ನೆಕ್ಕಿದರೆ ಎದೆ, ನೆಕ್ಕದಿದ್ದರೆ ಕೆಲಸ. ಆತ ಹೊರಟ ದಿನ ಅಮ್ಮ ಮಧ್ಯಾಹ್ನದವರೆಗೆ ಒಂದೇ ಪಾತ್ರೆಯನ್ನು ತೊಳೆಯುತ್ತಿದ್ದಳು. ಶಾಲೆಗೆ ರಜೆ ಇತ್ತು. ಕೊನೆಗೆ ಸೆರಗಿಗೆ ಕೈ ಒರೆಸಿಕೊಂಡು ಅಂದಳು:

"ಹೊರ್ಡಿ. ಅಪ್ಪಯ್ಯ ಎಂತ ಮಾಡ್ತ್ರ್ ಅಂದ್ ಕಂಡ್ಕಂಡ್ ಬಪ್ಪ."

ಅವಳು ಆವರೆಗೆ ಆ ಹೊಟೇಲನ್ನು ನೋಡಿರಲಿಲ್ಲ. ಚಹಾ ಕೌಂಟರು ರಸ್ತೆಗೆ ಮುಖ ಮಾಡಿತ್ತು, ನಾವು ಎದುರು ಬದಿಯಲ್ಲಿ ರಿಕ್ಷಾಗಳ ಹಿಂದೆ ನಿಂತೆವು. ಕಾರ್ಖಾನೆಗಳ ಮಧ್ಯಾಹ್ನದ ಪಾಳಿ ಬಿಡುವ ಹೊತ್ತು, ಗಿರಾಕಿಗಳು ಮೂರು ಸಾಲು. ಅಪ್ಪಯ್ಯ ಹಾಲು ಹಾಕಿದ, ಬಣ್ಣ ನೋಡಿದ. ಆಮೇಲೆ ಸೌಟು ಎತ್ತಿ, ತಾನು ಏನು ಮಾಡುತ್ತಿದ್ದೇನೆಂದು ತನಗೇ ತಿಳಿಯದವನ ಹಾಗೆ, ಅಂಗೈಗೆ ಹನಿ ಹಾಕಿಕೊಂಡ. ಕೈ ಬಾಯಿಯ ಕಡೆ ಹೊರಟಿತು.

"ಹ್ವಾಯ್!"

ಗಂಡನ ಹೆಸರು ಹೇಳದ ನಮ್ಮ ಕಡೆಯ ಹೆಂಗಸರು ಕರೆಯುವುದೇ ಹಾಗೆ. ಹೊಟೇಲಿನ ಒಳಗೂ ಹೊರಗೂ ಇದ್ದ ಕುಂದಾಪುರದ ಗಂಡಸರೆಲ್ಲ ಒಟ್ಟಿಗೆ ತಿರುಗಿ ನೋಡಿದರು. ಅಪ್ಪಯ್ಯನ ಅಂಗೈ ತುಟಿಯ ಹತ್ತಿರ ನಿಂತಿತು. ಅಮ್ಮ ರಿಕ್ಷಾಗಳ ನಡುವೆ ನುಗ್ಗಿ ಕೌಂಟರಿಗೆ ಬಂದಳು. ಗಲ್ಲಾದಲ್ಲಿದ್ದ ಸೇಟ್ರು ಕುತ್ತಿಗೆ ಚಾಚಿದರು.

"ಎಂತ ಅಮ್ಮ, ಪೊಲೀಸ್ರ್ ಬಂದಾಂಗ್ ಬಂದ್ರಿ?"

"ಇವ್ರ್ ಬಾಯಿಗ್ ಹಾಕೂಕಾಗ ಅಂದ್ ಡಾಕ್ಟ್ರ್ ಹೇಳಿರ್."

"ಮತ್ಯಾರ್ ಹಾಕುದ್? ನಾನಾ? ನಂಗೆ ಶುಗರ್."

ಸಾಲಿನಲ್ಲಿದ್ದವರು ನಕ್ಕರು. ಅಮ್ಮ ನಗಲಿಲ್ಲ. ಅಪ್ಪಯ್ಯ ಕಾಯಿಲೆ ಬಿದ್ದಂದಿನಿಂದ ಅವಳೂ ಚಹಾ ಬಿಟ್ಟಿದ್ದಳು, ಮನೆಯಲ್ಲಿ ಅದರ ವಾಸನೆಯೂ ಇರಬಾರದೆಂದು. ಕೌಂಟರಿನ ಮೇಲೆ ಕೈ ಚಾಚಿದಳು.

"ತನ್ನಿ ಇಲ್ಲ್."

ಅಪ್ಪಯ್ಯ ಲೋಟಕ್ಕೆ ಬಗ್ಗಿಸಿ ಕೊಟ್ಟ. ಅವಳು ಕುಡಿದಳು, ಎಲ್ಲರೂ ನೋಡುತ್ತಿದ್ದ ಹಾಗೆ.

"ಸಪ್ಪೆ."

"ಸಪ್ಪೆಯಾ? ಮನಿಯಂಗೆ ನೀ ಮಾಡ್ತಿದ್ದದ್ದ್ ಎಂತ ಮತ್ತೆ?" ಎಂದು ಗೊಣಗಿದರೂ ಆತ ಪುಡಿ ಹಾಕಿದ. ಮತ್ತೆ ಕುದಿಸಿ ಮತ್ತೆ ಕೊಟ್ಟ.

"ಈಗ ಸಮ ಆಯ್ತ್."

ಅಷ್ಟಕ್ಕೇ ಮುಗಿಯಲಿಲ್ಲ. ಪಾತ್ರೆ ಖಾಲಿಯಾಗುತ್ತಿತ್ತು, ಹೊಸದು ಕುದಿಯುತ್ತಿತ್ತು, ಪ್ರತಿ ಪಾತ್ರೆಗೂ ಒಂದು ಲೋಟ ಅಮ್ಮನ ಕೈಗೆ. ಅವಳಿಗೆ ಅಂಗೈಯಿಂದ ನೆಕ್ಕಲು ಬರುತ್ತಿರಲಿಲ್ಲ, ನಾಲ್ಕು ಜನರ ಮುಂದೆ ಉಗುಳಲು ಮರ್ಯಾದೆ ಬಿಡುತ್ತಿರಲಿಲ್ಲ. ಕೊಟ್ಟದ್ದನ್ನು ಪೂರ್ತಿ ಕುಡಿದೇ ಲೋಟ ಇಡುತ್ತಿದ್ದಳು. ಎಷ್ಟು ಲೋಟವೆಂದು ನನಗೆ ಗೊತ್ತಿಲ್ಲ. ಸುಧಾಕರ ಹೇಳುವ ಲೆಕ್ಕ ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಗದ್ದಲ ಇಳಿದ ಮೇಲೆ ಸೇಟ್ರು ಗಲ್ಲಾದಿಂದಲೇ ಕೇಳಿದರು.

"ನಾಳಿಗೂ ಬತ್ರಿಯಾ ಅಮ್ಮ?"

ಅದು ತಮಾಷೆಯೋ ಷರತ್ತೋ ನನಗೆ ಇವತ್ತಿಗೂ ತಿಳಿಯದು. ಅಪ್ಪಯ್ಯ ತಲೆ ತಗ್ಗಿಸಿ ಬಟ್ಟೆಯ ಸೋಸಣಿಗೆಯನ್ನು ಹಿಂಡುತ್ತಿದ್ದ.

"ಬತ್ತೆ" ಅಂದಳು ಅಮ್ಮ.

ವಾಪಸು ಬರುವಾಗ ಲೋಕಲ್ಲಿನ ಹೆಂಗಸರ ಡಬ್ಬಿಯಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಸುಧಾಕರ ಅವಳ ಭುಜಕ್ಕೆ ಒರಗಿ ನಿದ್ದೆ ಹೋದ. ಅಪ್ಪಯ್ಯನ ಕೆಲಸ ಉಳಿಯಿತು, ಎದೆಯೂ ಉಳಿಯಿತು ಎಂದು ನನಗೆ ಹಾಡಬೇಕೆನಿಸುತ್ತಿತ್ತು. ರೈಲು ಪಾರಸಿಕದ ಸುರಂಗಕ್ಕೆ ನುಗ್ಗಿತು. ಹಗಲಾದ್ದರಿಂದ ಡಬ್ಬಿಯ ದೀಪ ಹಾಕಿರಲಿಲ್ಲ, ಆ ಕತ್ತಲಲ್ಲಿ ಅಮ್ಮ ನನ್ನ ಮಣಿಕಟ್ಟು ಹಿಡಿದಳು. ಅವಳ ಬೆರಳುಗಳು ಒದ್ದೆಯಾಗಿ ತಣ್ಣಗಿದ್ದವು.

"ಹೆಣ್ಣೆ, ಇಲ್ಲ್ ಕೈ ಇಡ್" ಎಂದು ನನ್ನ ಕೈಯನ್ನು ತನ್ನ ಎದೆಯ ಮೇಲೆ ಇಟ್ಟುಕೊಂಡಳು.

ನನ್ನ ಅಂಗೈಯ ಕೆಳಗೆ ಏನೋ ಓಡಿತು, ನಿಂತಿತು, ತಪ್ಪಿಸಿಕೊಳ್ಳಲು ದಾರಿ ಹುಡುಕುವಂತೆ ಮತ್ತೆ ಓಡಿತು. ನಾನು ಅವಳ ಮುಖ ನೋಡಿದೆ, ಕಾಣಲಿಲ್ಲ. ಅವಳು ನನ್ನ ಕಿವಿಗೆ ಬಾಯಿ ಹತ್ತಿರ ತಂದಳು.

"ಅಪ್ಪಯ್ಯಂಗ್ ಹೇಳ್ಬೇಡ. ನಾಳಿಗೂ ಬರ್ಬೇಕಲೆ."

ರೈಲು ಬೆಳಕಿಗೆ ಬಂತು. ನಾನು ಕೈ ತೆಗೆಯಲಿಲ್ಲ.